ನೆಗೆಣ್ಣಿಯ ಸೀಟು, ನನ್ನ ಸೈಕಲ್ಲು

ನಮ್ಮ ಮನೆಗೆ ಬೇಕಾಗಿದೆ ಎಂದು ಯಾವ ವಸ್ತುವೂ ಬಂದದ್ದಿಲ್ಲ. ಇನ್ನೊಬ್ಬರ ಮನೆಗೆ ಬಂದಿದೆ ಎಂದು ಬರುತ್ತದೆ. ಮಿಕ್ಸರ್ ಹಾಗೆ ಬಂತು. ಗೋಡೆಯ ಫ್ಯಾನು ಹಾಗೆ ಬಂತು. ಯಾರೂ ಕೂರದ ಪ್ಲಾಸ್ಟಿಕ್ ಜೋಕಾಲಿಯೂ ಹಾಗೆಯೇ ಬಂತು. ನಾನು ಹತ್ತನೇ ಪಾಸಾದವಳು, ಹೆಚ್ಚು ಓದಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ಒಲೆ ಬೇಕಿಲ್ಲ, ಕಟ್ಟಿಗೆ ಬೇಕಿಲ್ಲ, ಇನ್ನೊಬ್ಬರ ಮನೆಯ ಬಾಗಿಲು ತೆರೆದಿದ್ದರೆ ಸಾಕು ಎಂಬುದನ್ನು ಬಲ್ಲೆ. ನನ್ನ ಪಾಲಿಗೆ ಆ ಬಾಗಿಲು ಎದುರಿಗೂ ಇರಲಿಲ್ಲ. ನಾನು ಬಸವಕಲ್ಯಾಣದಲ್ಲಿ, ಬಾಗಿಲು ಹುಮನಾಬಾದಿನಲ್ಲಿ. ಆದರೂ ಬಿಸಿ ತಪ್ಪದೆ ಬರುತ್ತಿತ್ತು.

ಹುಮನಾಬಾದಿನಲ್ಲಿ ಇರುವಾಕೆ ನನ್ನ ನೆಗೆಣ್ಣಿ, ಅಂದರೆ ನಮ್ಮ ಮನೆಯವರ ಅಣ್ಣನ ಹೆಂಡತಿ. ಬಿ.ಎ. ಓದಿದಾಕೆ. ಸೀರೆಯ ನೆರಿಗೆ ಹಿಡಿದರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಇರುತ್ತದೆ. ನನ್ನ ಬಳಿ ಇರುವುದು ಎರಡೇ: ಹತ್ತನೇ ಮಾರ್ಕ್ಸ್ ಕಾರ್ಡು, ಎಂಟನೇಯಲ್ಲಿದ್ದಾಗ ಸರಕಾರ ಕೊಟ್ಟ ಸೈಕಲ್ಲು. ಮಾರ್ಕ್ಸ್ ಕಾರ್ಡು ಟ್ರಂಕಿನಲ್ಲಿ ಮಲಗಿದೆ. ಸೈಕಲ್ಲು ಇಂದಿಗೂ ದುಡಿಯುತ್ತದೆ. ಹೊಲಿದ ಜಂಪರುಗಳನ್ನು ಅದರ ಮೇಲೆಯೇ ಮನೆಮನೆಗೆ ಮುಟ್ಟಿಸುತ್ತೇನೆ, ಮಗಳನ್ನು ಅಂಗನವಾಡಿಗೆ ಬಿಡುತ್ತೇನೆ. ಆ ಸೈಕಲ್ಲಿಗೆ ಒಂದು ಕೂಸಿನ ಸೀಟು ಕೂಡಿಸಲು ಹೋಗಿ ಆದ ಫಜೀತಿಗಳು ಇವು.

ನೀಲಿ ಸಿಂಹಾಸನ

ಒಂದು ರವಿವಾರ ಮಗಳನ್ನು ಕರೆದುಕೊಂಡು ಹುಮನಾಬಾದಿಗೆ ಹೋದೆ. ನೆಗೆಣ್ಣಿಯ ಅಂಗಳದಲ್ಲಿ ಹೊಸ ಲೇಡೀಸ್ ಸೈಕಲ್ಲು ನಿಂತಿತ್ತು. ಅದರ ಹಿಂದೆ ನೀಲಿ ಬಣ್ಣದ ಸೀಟು. ಬೆನ್ನಿಗೆ ಆನಿಕೆ, ಎರಡೂ ಕಡೆ ಕೈ ಇಡಲು ಜಾಗ, ಕಾಲಿಗೆ ಮೆಟ್ಟು, ಎದೆಗೆ ಎರಡು ಬೆಲ್ಟು. ಅದರೊಳಗೆ ಅವಳ ಮಗ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಅವಳು ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ಚಮಚ ಹಿಡಿದು ನಿಂತಿದ್ದಳು. ನವಾಬನಿಗೆ ದಾಸಿ ಉಣಿಸಿದ ಹಾಗೆ.

ನಾನು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದೆ. ಹೊಸ ಟೈರಿನ ಮೇಲೆ ಇರುವ ರಬ್ಬರಿನ ಕೂದಲು ಸಹ ಉದುರಿರಲಿಲ್ಲ. ದಿನಾ ಸೈಕಲ್ ಹೊಡೆದರೂ ಹೇಗೆ ಜೋಪಾನ ಮಾಡಿದ್ದಾಳೆ ನೋಡು ಎಂದು ಅದಕ್ಕೂ ಹೊಟ್ಟೆ ಉರಿಯಿತು. ನನ್ನ ಸೈಕಲ್ಲಿನ ಟೈರು ನನ್ನ ಅಂಗೈಗಿಂತ ನುಣುಪು.

"ಯಾವಾಗ ತಂದ್ರಿ ಅಕ್ಕಾ?" ಎಂದೆ.

"ಹೋದ ವಾರ. ನೀ ಹ್ಯಾಂಗ ಒಯ್ತಿ ಕೂಸಿಗಿ?"

"ಕ್ಯಾರಿಯರ್ ಮ್ಯಾಲ ಕೂಡ್ಸಿ, ಓಡ್ನಿಲೆ ನನ್ನ ನಡಕ್ಕ ಕಟ್ಕೋತೇನ್ರಿ."

"ಅಯ್ಯ, ಪಾಪ," ಅಂದಳು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ 'ಪಾಪ'ಕ್ಕೆ ಏನು ಮಾಡುವುದು? ನುಂಗಿಕೊಂಡೆ.

ಅವಳ ಮಗ ಇಳಿದ ತಕ್ಷಣ ನನ್ನ ಮಗಳು ಏರಿ ಕೂತಳು. ಮಧ್ಯಾಹ್ನದ ಊಟ ಅಲ್ಲೇ ಆಯಿತು, ನಿದ್ದೆಯೂ ಅಲ್ಲೇ ಆಯಿತು. ಬಸ್ಸಿನ ಹೊತ್ತಾದಾಗ ನಾನು ಒಂದು ಕೈಯ ಬೆರಳು ಬಿಡಿಸಿದರೆ ಇನ್ನೊಂದು ಕೈ ಗಟ್ಟಿ ಹಿಡಿಯುತ್ತಿತ್ತು. ಹೇಗೋ ಕಿತ್ತುಕೊಂಡು ಬಂದು ಬಸ್ ಹತ್ತಿದೆ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಒಂದೇ ರಾಗ: "ನಾ ದೊಡ್ಡವ್ವನ ಬಲ್ಲಿ ಇರ್ತೇನಿ! ದೊಡ್ಡವ್ವನ ಬಲ್ಲಿ ಬಿಡು!"

ಪಕ್ಕದ ಸೀಟಿನ ಮುದುಕಿ ಬಹಳ ಹೊತ್ತು ನನ್ನ ಮುಖ, ಮಗಳ ಮುಖ ನೋಡಿದಳು. ಕೊನೆಗೆ ಮೆಲ್ಲಗೆ ಕೇಳಿದಳು:

"ತಾಯಿನ್ನ ಬಿಟ್ಟು ಬಂದದೇನವ್ವಾ ಕೂಸು? ನೀ ಇದಕ್ಕ ಏನಾಗ್ಬೇಕು?"

ಯಾರ ಅಳತೆ?

ಮನೆಗೆ ಬಂದವಳೇ ಗಂಡನ ಮುಂದೆ ಕೂತೆ. "ಕೂಸಿನ ಕಾಲು ಗಾಲಿಯ ಕಡ್ಡ್ಯಾಗ ಸಿಗ್ತದ್ರಿ. ಒಂದು ಸೀಟ್ ತರೂಣು."

"ಇಷ್ಟು ದಿನ ಸಿಕ್ಕಿಲ್ಲಲ್ಲ?" ಅಂದರು.

"ಸಿಕ್ಕ ಮ್ಯಾಲ ತರೂಣೇನು?"

ಅವರು ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಕಾಲು ಸಿಗುವ ಭಯ ಸುಳ್ಳೇನೂ ಅಲ್ಲ. ಆದರೆ ಆ ಭಯ ನನಗೆ ಹುಟ್ಟಿದ್ದು ಬಸ್ಸಿನಲ್ಲಿ, ಆ ಮುದುಕಿಯ ಮಾತು ಕೇಳಿದ ಮೇಲೆ.

ಮರುದಿನ ಮಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಸೈಕಲ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಹಳಬರು. ನನ್ನ ಸೈಕಲ್ಲಿನ ಚೈನು ಎಷ್ಟು ಸಲ ಕಳಚಿದೆ ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ಮೊದಲು ಒಂದು ತಂತಿಯ ಸೀಟು ತೆಗೆದರು.

"ಇದು ಮುಂದ ದಂಡಿಗಿ ಕೂಡೂದು, ಬೇಟಿ. ಕೂಸು ಕಣ್ಣ ಮುಂದ ಇರ್ತದ." ಮತ್ತೆ ತಾವೇ ನನ್ನ ಸೈಕಲ್ಲಿನಲ್ಲಿ ಅಡ್ಡ ಕೊಳವೆ ಇಲ್ಲದ್ದನ್ನು ನೋಡಿ, "ಅರೇ, ಲೇಡೀಸ್ ಸೈಕಲ್ಲಿಗಿ ದಂಡಿ ಎಲ್ಲಿರ್ತದ," ಎಂದು ಒಳಗೆ ಇಟ್ಟರು.

ಆಮೇಲೆ ಬೆತ್ತದ ಬುಟ್ಟಿ ಬಂತು. ಅದರಲ್ಲಿ ಕೂಡಿಸಿದರೆ ನನ್ನ ಮಗಳು ಬದನೆಕಾಯಿಯ ಹಾಗೆ ಕಾಣುತ್ತಿದ್ದಳು. ಬೇಡ ಎಂದೆ. ಮೂರನೆಯದು ಪ್ಲಾಸ್ಟಿಕ್ಕಿನದು, ಕೆಂಪು, ಬೆನ್ನಿಗೆ ಆನಿಕೆ ಇತ್ತು.

"ಆನಿಕಿ ಇನ್ನಾ ಒಂದು ಬೆರಳು ಎತ್ತರ ಇರ್ಬೇಕ್ರಿ."

"ಯಾಕ? ಕೂಸಿನ ತಲಿ ಇಲ್ಲಿತನಾ ಬರ್ತದಲ್ಲ."

"ಬರ್ಲಿರಿ. ಎತ್ತರ ಬೇಕು. ಬೆಲ್ಟ್ ಎಷ್ಟವ?"

"ಎರಡು."

"ಮೂರಿಂದು ತೋರಿಸ್ರಿ."

"ಕೂಸು ಒಂದೇ ಅದ ಅಲ್ಲ, ಬೇಟಿ?"

"ಒಂದೇ ರಿ. ಆದ್ರ ಆಕೀದ್ರಾಗ ಎರಡವ. ನಂದ್ರಾಗ ಮೂರಿರ್ಬೇಕು. ಮತ್ತ ನೀಲಿ ಬ್ಯಾಡ, ಆಕೀದು ನೀಲಿ ಅದ. ಕಾಲಿಡೂ ಮೆಟ್ಟು ಆಕೀದಕ್ಕಿಂತ ಅಗಲ ಇರ್ಬೇಕು."

ಚಾಚಾ ಕನ್ನಡಕ ಹಣೆಯ ಮೇಲೆ ಏರಿಸಿದರು. ಕೈಯಲ್ಲಿದ್ದ ಅಳತೆಯ ಟೇಪನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಬೇಟಿ, ನೀ ಕೂಸಿನ ಅಳತಿ ಹೇಳವಲ್ಲಿ. ಮೊದಲ 'ಆಕಿ'ನ್ನ ಕರ್ಕೊಂಡು ಬಾ, ಆಕಿ ಅಳತಿ ತಗೊಂಡು ಕೊಡ್ತೇನಿ."

ತೇವದ ಮಾಲು

ಕೊನೆಗೆ ಮೂರು ಬೆಲ್ಟಿನ ಕೆಂಪು ಸೀಟು ಸಿಕ್ಕಿತು. ಆದರೆ ಅದರ ಹಿಂದೆ ಇಷ್ಟು ಕಿಲೋದವರೆಗೆ ಮಾತ್ರ ಎಂದು ಅಚ್ಚು ಹಾಕಿತ್ತು. "ಕೂಸಿನ ವಜನ್ ಎಷ್ಟದ?" ಎಂದು ಚಾಚಾ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಂಗನವಾಡಿಯಲ್ಲಿ ತೂಗುತ್ತಾರೆ, ಆದರೆ ಅಂದು ರಜೆ. "ಬಾಜೂಕ ಅಡತಿ ಅದ, ಕಾಟಾದ ಮ್ಯಾಲ ನಿಂದ್ರಿಸ್ಕೊಂಡು ಬಾ," ಅಂದರು.

ಅಡತಿ ಅಂದರೆ ರೈತರು ಕಾಳು ತಂದು ಮಾರುವ ದಲಾಲಿ ಅಂಗಡಿ. ಅದು ತೊಗರಿಯ ಸುಗ್ಗಿ. ಅಡತಿ ಶೇಠ್ ಗಾದಿಯ ಮೇಲೆ ಕೂತು ಒಂದು ಕಿವಿಗೆ ಫೋನು ಹಚ್ಚಿಕೊಂಡು ಮಾತಾಡುತ್ತಿದ್ದರು. ಕಣ್ಣು ಕಾಟಾದ ನಂಬರಿನ ಮೇಲೆ ಮಾತ್ರ. ಮೇಲೆ ಏನು ಬಂದಿದೆ ಎಂದು ನೋಡುವ ರೂಢಿಯೇ ಅವರಿಗೆ ಇರಲಿಲ್ಲ. ಸಾಲಿನಲ್ಲಿ ಇಬ್ಬರು ರೈತರ ಚೀಲಗಳಾದ ಮೇಲೆ ನಾನು ಮಗಳನ್ನು ಕಾಟಾದ ಮೇಲೆ ಇಟ್ಟೆ.

ಶೇಠ್ ನಂಬರ್ ನೋಡಿ ಕೂಗಿದರು: "ಹದಿಮೂರು ಕಿಲೋ! ಚೀಲದ್ದು ಒಂದು ಕಿಲೋ ಕಡಿ. ಹನ್ನೆರಡು!"

"ಚೀಲ ಎಲ್ಲದರೀ ಇದಕ್ಕ?" ಎಂದೆ ನಾನು.

"ಎಲ್ಲಾರಿಗೂ ಕಡಿತೇವವ್ವಾ. ನಿನಗೊಬ್ಬಾಕಿಗೆ ಬ್ಯಾರೆ ಕಾನೂನಿಲ್ಲ."

"ಶೇಠ್‌ಜಿ, ತೊಗರಿ ಅಲ್ರಿ, ನನ್ನ ಮಗಳು!"

ಆಗ ತಲೆ ಎತ್ತಿದರು. ಹಿಂದೆ ನಿಂತ ರೈತರು ನಗಲು ಶುರು ಮಾಡಿದ್ದರು. ನನಗೆ ಸಿಟ್ಟು ಬಂತು. ಹುಮನಾಬಾದಿನ ಹುಡುಗ ಹದಿನಾಲ್ಕು ಕಿಲೋ ಎಂದು ನೆಗೆಣ್ಣಿ ಸಾರಿಕೊಂಡು ತಿರುಗುತ್ತಾಳೆ. ನನ್ನ ಮಗಳ ಹದಿಮೂರರಲ್ಲಿ ಒಂದು ಕಿಲೋ ಇವರು ಸುಮ್ಮನೆ ಕಡಿಯುವುದೆಂದರೇನು?

"ಪೂರಾ ಹದಿಮೂರು ಅನ್ರಿ," ಎಂದೆ. "ಒಂದು ಗ್ರಾಮೂ ಬಿಡಂಗಿಲ್ಲ ನಾ."

ಶೇಠ್ ನಾಚಿಕೊಂಡು ಎದ್ದು ಬಂದರು. ಮಗಳ ಗಲ್ಲ ಹಿಂಡಿದರು. ಇಳಿಸಲೆಂದು ಎತ್ತಿದವರು ಹಾಗೆಯೇ ನಿಂತುಬಿಟ್ಟರು. ಗದ್ದಲಕ್ಕೆ ಹೆದರಿ ಅವಳು ಚಡ್ಡಿ ಒದ್ದೆ ಮಾಡಿಕೊಂಡಿದ್ದಳು. ಶೇಠ್ ತಮ್ಮ ಕೈ ನೋಡಿಕೊಂಡರು, ನನ್ನ ಮುಖ ನೋಡಿದರು.

"ಪೂರಾ ವಜನ್ ಹ್ಯಾಂಗ ಹಿಡೀಲವ್ವಾ? ಮಾಲಿನ್ಯಾಗ ತ್ಯಾವ ಅದ. ಒಣಗಿಸ್ಕೊಂಡು ತಗೊಂಡು ಬಾ."

ಎರಡು ವೈರಿನ ಉಪಾಯ

ಹದಿಮೂರು ಕಿಲೋ ನಡೀತದ ಎಂದು ಸೀಟು ಕೊಟ್ಟ ಚಾಚಾ, ಅದನ್ನು ಅಂಗಡಿಯಲ್ಲೇ ಕೂಡಿಸಿ ಕೊಡುತ್ತೇನೆ ಎಂದೂ ಹೇಳಿದ್ದರು. ನಮ್ಮ ಮನೆಯವರು ಒಪ್ಪಲಿಲ್ಲ. ಅವರು ಬೋರಿನ ಮೋಟರ್ ಸುತ್ತುವ ಮೆಕ್ಯಾನಿಕ್. ನಾರಾಯಣಪುರದ ತನಕ ರೈತರು ಅವರನ್ನೇ ಕರೆಯುತ್ತಾರೆ.

"ಸುಟ್ಟ ಮೋಟರ್ ಎಬ್ಬಿಸಾಂವ ನಾ. ಒಂದು ಸೀಟ್ ಕೂಡ್ಸಾಕ ಇನ್ನೊಬ್ಬರ ಕೈಕಾಲು ಹಿಡೀಲೇನು?"

ಅಂಗಳದಲ್ಲಿ ಗೋಣಿ ಹಾಸಿ ಕೂತರು. ನಟ್ಟು, ಬೋಲ್ಟು, ಪಾನಾ, ಎಲ್ಲ ಸಾಲಾಗಿ ಹರಡಿದರು. ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು. ಅತ್ತೆ ಆರು ತಿಂಗಳು ನಮ್ಮ ಮನೆಯಲ್ಲಿ, ಆರು ತಿಂಗಳು ಹುಮನಾಬಾದಿನಲ್ಲಿ ಇರುತ್ತಾರೆ. ಇಲ್ಲಿದ್ದಾಗ ಅಲ್ಲಿಯದನ್ನು ಹೊಗಳುತ್ತಾರೆ. ಅಲ್ಲಿದ್ದಾಗ ಯಾವುದನ್ನು ಹೊಗಳುತ್ತಾರೋ ನನಗೆ ತಿಳಿಯದು.

"ಹುಮನಾಬಾದಿನ್ಯಾಗ ಅಂಗಡಿಯಾಂವ ಚಣದಾಗ ಕೂಡ್ಸಿಕೊಟ್ನಂತ," ಅಂದರು ಅತ್ತೆ.

ನಮ್ಮ ಮನೆಯವರು ಇನ್ನಷ್ಟು ಬಗ್ಗಿ ಕೆಲಸ ಮಾಡಿದರು. ಎರಡು ತಾಸು ಆಯಿತು. ಮೂರು ಬೋಲ್ಟು ಉಳಿದವು. "ಇವು ಹೆಚ್ಚಿಂದು ಕೊಟ್ಟಿರ್ತಾರ," ಎಂದು ಜೇಬಿಗೆ ಹಾಕಿಕೊಂಡರು. ನಾನು ಅವುಗಳನ್ನು ಜೇಬಿನಿಂದ ತೆಗೆಸಿ ಮತ್ತೆ ಹಾಕಿಸಿದೆ. ಎದ್ದು ನಿಂತು ನೋಡಿದರೆ ಸೀಟು ಗಟ್ಟಿಯಾಗಿ ಕೂತಿದೆ, ಅಲ್ಲಾಡಿಸಿದರೆ ಸೈಕಲ್ಲೇ ಅಲ್ಲಾಡುತ್ತದೆ. ಆದರೆ ಅದರ ಬೆನ್ನು ನನ್ನ ಬೆನ್ನಿನ ಕಡೆಗಿದೆ. ಕೂಸು ಕೂತರೆ ಮುಖ ಹಿಂದಿನ ರಸ್ತೆಯ ಕಡೆಗೆ.

"ರೀ, ಇದು ಉಲ್ಟಾ ಆಗ್ಯಾದ."

"ಗೊತ್ತದ. ಸೀದಾ ಇಟ್ರ ನಿನ್ನ ಕ್ಯಾರಿಯರಿಗೆ ತೂತು ಹೊಂದವಲ್ದು."

"ಮೋಟರ್ ಉಲ್ಟಾ ತಿರುಗಿದ್ರ ರೈತರಿಗೆ ಏನಂತ ಹೇಳ್ತೀರಿ?"

"ಎರಡು ವೈರ್ ಅದ್ಲಿಬದ್ಲಿ ಮಾಡು, ಸೀದಾ ತಿರುಗ್ತದ ಅಂತೇನಿ."

"ಹಂಗಾದ್ರ ಇದಕ್ಕ?"

ಅವರು ಸೈಕಲ್ಲನ್ನು ನೋಡಿದರು, ಸೀಟನ್ನು ನೋಡಿದರು, ನನ್ನನ್ನು ನೋಡಿದರು.

"ಇದಕ್ಕೂ ಅದೇ. ಇಬ್ಬರಿಗಿ ಅದ್ಲಿಬದ್ಲಿ ಮಾಡೂಣು. ಕೂಸು ಸೀದಾ ಅದ ಅಂತ ತಿಳಕೋ. ನೀ ಉಲ್ಟಾ ಕೂತು ಹೊಡಿ."

ಮೆರವಣಿಗೆ

ಬೆಳಿಗ್ಗೆ ಮಗಳನ್ನು ಉಲ್ಟಾ ಕೂಡಿಸಿ, ಮೂರೂ ಬೆಲ್ಟು ಹಾಕಿ ಹೊರಟೆ. ಬಾಗಿಲಲ್ಲೇ ಹಾಲು ಕೊಡುವಾಕೆ ಸಿಕ್ಕಳು. ಮನೆತುಂಬ ಎಮ್ಮೆ ಕಟ್ಟಿಕೊಂಡವಳು. ಬಾಯಿಗೆ ಅಳುಕಿಲ್ಲ.

"ಇದೇನ ತಂಗಿ, ಕೂಸಿನ ಮುಖ ಹಿಂದ?"

ಗಂಡ ತಪ್ಪು ಕೂಡಿಸಿದ್ದಾರೆ ಎಂದು ಹೇಳಿದರೆ ಸಂಜೆಯೊಳಗೆ ಆ ಮಾತು ಹಾಲಿನ ಜೊತೆ ಓಣಿಯ ಮನೆಮನೆಗೂ ಮುಟ್ಟುತ್ತದೆ. "ಇದು ಈಗಿನ ಮಾದರಿ," ಎಂದೆ. "ಹಿಂದಿಂದ ಗಾಡಿ ಬಂದ್ರ ಕೂಸು ನೋಡಿ ಹೇಳ್ತದ."

"ಇದ್ರಾಗ ಹೊಸಾದೇನು? ಎಮ್ಮಿ ಕರಾ ಟೆಂಪೋದಾಗ ಒಯ್ಯುವಾಗ ನಾವೂ ಹಿಂದೇ ಮುಖ ಮಾಡಿ ಕಟ್ತೇವಿ," ಎಂದು ಹೋದಳು.

ಅದನ್ನು ಕೇಳಿಸಿಕೊಳ್ಳದೆ ನಮ್ಮ ಮನೆಯವರಿಂದ ಫೋಟೊ ತೆಗೆಸಿ, 'ಹೊಸ ಮಾದರಿ' ಎಂದು ಬರೆದು ಫೋನಿನ ಸ್ಟೇಟಸ್ಸಿಗೆ ಹಾಕಿದೆ. ನೋಡಿದವರಲ್ಲಿ ಮೊದಲ ಹೆಸರು ಹುಮನಾಬಾದಿನದು. 'ಛಂದ ಅದ' ಎಂದು ಒಂದು ಮಾತೂ ಬರಲಿಲ್ಲ. ಆ ಮೌನ ನನಗೆ ಹೋಳಿಗೆ ಉಂಡಷ್ಟು ಸಿಹಿಯಾಗಿತ್ತು.

ಅದೇ ಹುರುಪಿನಲ್ಲಿ ಬಜಾರಿನ ನಡುವೆ ಸೈಕಲ್ ಬಿಟ್ಟೆ. ಜನ ತಿರುಗಿ ನೋಡತೊಡಗಿದರು. ಬಳೆ ಅಂಗಡಿಯವಳು ನಕ್ಕಳು. ಬಾಳೆಹಣ್ಣಿನ ಗಾಡಿಯವನು ಕೈ ಎತ್ತಿ ತೋರಿಸಿದ. ನೋಡಲಿ, ಎಲ್ಲರೂ ನೋಡಲಿ, ಎಂದು ಬೆನ್ನು ನೆಟ್ಟಗೆ ಮಾಡಿ ಘಂಟೆ ಹೊಡೆದೆ. ಕೋಟೆಯ ರಸ್ತೆಗೆ ತಿರುಗುವಲ್ಲಿ ಚಹಾದವನು ಕೂಗಿದ: "ಅಕ್ಕಾರ, ಮೆರವಣಗಿ ಯಾರದ್ರಿ?"

ಅಷ್ಟರಲ್ಲಿ ಹಿಂದಿನಿಂದ ಮಗಳು ಹೇಳಿದಳು: "ಅವ್ವಾ, ಬಂದ್ರು."

ಖರೇನೇ ಗಾಡಿ ನೋಡಿ ಹೇಳುತ್ತಾಳಲ್ಲ ಎಂದು ನನಗೆ ಹೆಮ್ಮೆಯಾಯಿತು. "ಯಾರ್ ಬಂದ್ರವ್ವಾ? ಬಸ್ಸೇನು?"

"ಇಲ್ಲ. ಬಿಸ್ಕೀಟಿನವ್ರು."

ತಿರುಗಿ ನೋಡಿದೆ. ಕೈಯಲ್ಲಿ ಬಿಸ್ಕತ್ತಿನ ಪುಡಿಕೆ ಹಿಡಿದು ಒಂದೊಂದೇ ಚೂರು ಉದುರಿಸುತ್ತ ಕೂತಿದ್ದಳು. ಹಿಂದೆ ಶಿಸ್ತಾಗಿ, ಒಂದರ ಹಿಂದೆ ಒಂದು, ಏಳು ನಾಯಿ.

ಕಣ್ಣು ತಾಗದ ಹಾಗೆ

ನೆಟ್ಟಗೆ ಚಾಚಾನ ಅಂಗಡಿಗೆ ಹೋದೆ. ಅವರು ಕ್ಯಾರಿಯರ್ ಕೆಳಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟು, ಒಂದು ಬೀಡಿ ಮುಗಿಯುವುದರೊಳಗೆ ಸೀಟನ್ನು ಸೀದಾ ಮಾಡಿದರು. ಯಾರು ಕೂಡಿಸಿದ್ದು ಎಂದು ಕೇಳಿದರು. ಗಾಳಿ ಹಾಕ್ರಿ ಎಂದು ಮಾತು ಬದಲಿಸಿದೆ. ಸ್ಟೇಟಸ್ಸಿನ ಫೋಟೊ ಮಾತ್ರ ಹಾಗೇ ಬಿಟ್ಟೆ. ಹುಮನಾಬಾದಿಗೆ ಸೀದಾ ಆದ ಸುದ್ದಿ ಯಾಕೆ ಬೇಕು?

ನಾಯಿಗಳ ಕಥೆ ಕೇಳಿ ಅತ್ತೆ ತೀರ್ಪು ಕೊಟ್ಟರು: "ದೃಷ್ಟಿ ಆಗ್ಯಾದ. ಹುಮನಾಬಾದಿನ ಮೊಮ್ಮಗನ ಸೀಟಿಗೂ ಹಿಂಗೇ ಆಗಿತ್ತು. ಯಾರೋ ನೋಡಿ ಹೋದ್ರು, ಮರುದಿನಾ ಹುಡುಗಗ ನೆಗಡಿ."

"ಯಾರು ನೋಡಿ ಹೋಗಿದ್ರು ಅತ್ತಿ?"

"ಅಂದು ನೀನೇ ಅಲ್ಲ ಹೋದಾಕಿ," ಅಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅತ್ತೆ ಸೀಟಿಗೆ ಲಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಕರಿದಾರ, ಹಳೆಯ ಚಪ್ಪಲಿಯ ತುಂಡು, ಎಲ್ಲ ಕಟ್ಟಿದರು. ಅಂಗನವಾಡಿ ಮುಟ್ಟುವುದರೊಳಗೆ ಮಗಳು ಮೆಣಸಿನಕಾಯಿ ಹಿಚುಕಿ ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು. ಊರೆಲ್ಲ ಕೇಳುವ ಹಾಗೆ ಚೀರಿದಳು. ಕಣ್ಣು ತಾಗಬಾರದು ಎಂದು ಕಟ್ಟಿದ್ದು, ಸೀದಾ ಹೋಗಿ ಕಣ್ಣಿಗೇ ತಾಗಿತು.

ಸ್ಟ್ಯಾಂಡ್ ಇಳಿದ ದಿನ

ಅತ್ತೆಯ ಆರು ತಿಂಗಳು ಮುಗಿದು ಅವರು ಹುಮನಾಬಾದಿಗೆ ಹೋದರು. ಮುಂದಿನ ವಾರವೇ ನೆಗೆಣ್ಣಿಯ ಮಗನ ಜಾವಳ, ಅಂದರೆ ಮೊದಲ ಸಲ ಕೂದಲು ತೆಗೆಸುವ ಕಾರ್ಯ. ನಾವು ಮೂವರೂ ಹೋದೆವು. ಹಾದಿಯುದ್ದಕ್ಕೂ ನನಗೆ ಒಂದೇ ಧೈರ್ಯ. ಈಗ ನನ್ನ ಮಗಳಿಗೆ ತನ್ನದೇ ಸೀಟು ಇದೆ, ಇನ್ನು ಅವಳು ದೊಡ್ಡವ್ವನ ಸೀಟಿಗೆ ಜೋತು ಬೀಳುವುದಿಲ್ಲ, ಬಸ್ಸಿನಲ್ಲಿ ಯಾವ ಮುದುಕಿಯೂ 'ನೀ ಯಾರು' ಎಂದು ಕೇಳುವುದಿಲ್ಲ.

ಅಂಗಳಕ್ಕೆ ಕಾಲಿಟ್ಟೆ. ಅದೇ ಸೈಕಲ್ಲು, ಅದೇ ಜಾಗ, ಅದೇ ನೀಲಿ ಸೀಟು. ಆದರೆ ಉಲ್ಟಾ! ಬೆನ್ನಿಗೆ ಬೆನ್ನು. ಬೋಳು ತಲೆಯ ಹುಡುಗ ಹಿಂದಕ್ಕೆ ಮುಖ ಮಾಡಿ ಕೂತು ಕೇಸರಿಬಾತು ತಿನ್ನುತ್ತಿದ್ದ.

ನನ್ನ ಗಂಡ ಏನೋ ಹೇಳಲು ಬಾಯಿ ತೆರೆದರು. ಅವರ ಕಾಲು ತುಳಿದೆ.

"ಅಕ್ಕಾ, ಇದೇನ್ರಿ ಹಿಂಗ?"

"ಈಗ ಹಿಂಗೇ ಬಂದದ," ಅಂದಳು ನೆಗೆಣ್ಣಿ ಸೆರಗು ಸರಿ ಮಾಡಿಕೊಳ್ಳುತ್ತ. "ನೀ ಫೋಟೊ ಹಾಕೂ ಮೊದಲೇ ನಾವು ಮಾತಾಡಿದ್ದೆವು."

ನನ್ನ ಗಂಡನ ತಪ್ಪನ್ನು ಬಿ.ಎ. ಓದಿದಾಕೆ ನಕಲು ಹೊಡೆದಿದ್ದಳು! ಸೆರಗು ಬಾಯಿಗೆ ಒತ್ತಿ ನಗು ತಡೆದೆ. ಆದರೂ ಸುಮ್ಮನಿದ್ದರೆ ನಾನು ನಾನೇ ಅಲ್ಲ.

"ಒಂದು ಚಕ್ಕರ್ ಹೊಡೆದು ತೋರಿಸ್ರಿ ಅಕ್ಕಾ. ಉಲ್ಟಾ ಸೀಟಿಂದು ಹ್ಯಾಂಗ ಹೊಡೀತಾರ ನಾನೂ ಕಲೀತೇನಿ."

"ಇವತ್ತ ಸೀರಿ ಹೊಸಾದು."

"ಸೀರಿ ಬದಲಿ ಮಾಡ್ರಿ."

"ಗಾಳಿ ಇಲ್ಲ."

ಟೈರು ಹಿಂಡಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿ. ಮೇಲೆ ಆ ರಬ್ಬರಿನ ಕೂದಲು. ಇಷ್ಟು ತಿಂಗಳಾದರೂ ಒಂದೂ ಉದುರಿರಲಿಲ್ಲ.

"ಗಾಳಿ ಅದ ಅಲ್ರಿ."

"ಮಂದಿ ಬಂದಾರ, ಈಗೇನು ಸೈಕಲ್ಲು," ಎಂದು ಒಳಗೆ ಹೊರಟಳು.

ಆಗ ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಅತ್ತೆ ಬಾಯಿ ಬಿಟ್ಟರು. "ಆಕಿಗೆ ಯಾಕ ಕಾಡ್ತಿ? ಆಕಿಗೆಲ್ಲಿ ಸೈಕಲ್ ಬರ್ತದ? ತಂದಾಗಿಂದ ಅದು ಸ್ಟ್ಯಾಂಡ್ ಇಳಿದಿಲ್ಲ. ಅದ್ರಾಗ ಕೂಡಿಸಿದ್ರ ಹುಡುಗ ಉಣ್ತದ, ಅದಕ್ಕ ಇಟ್ಟಾರ."

ನಾನು ಆ ಸೈಕಲ್ಲನ್ನು ನೋಡಿದೆ. ಇಷ್ಟು ದಿನ ನನ್ನ ಊಟ, ನಿದ್ದೆ ಕೆಡಿಸಿದ್ದು, ಅಡತಿಯಲ್ಲಿ ಜಗಳ ಮಾಡಿಸಿದ್ದು, ಏಳು ನಾಯಿಗಳ ಮುಂದೆ ನನ್ನನ್ನು ಮೆರೆಸಿದ್ದು, ಎಲ್ಲ ಒಂದು ಉಣ್ಣುವ ಕುರ್ಚಿ!

ನೆಗೆಣ್ಣಿ ಬಾಗಿಲಲ್ಲೇ ನಿಂತಿದ್ದಳು. ಮುಖ ಸಣ್ಣದಾಗಿತ್ತು. "ನಗು," ಅಂದಳು. "ನೀ ಲಗ್ನ ಆಗಿ ಬಂದಾಗಿಂದ ಎಲ್ಲಾರ ಬಾಯಾಗ ಒಂದೇ ಮಾತು. 'ಸಣ್ಣಾಕಿ ಗಟ್ಟಿ, ಯಾರಿಗೂ ಕಾಯಂಗಿಲ್ಲ, ಸೈಕಲ್ ಹತ್ತಿ ತಾನೇ ಬಜಾರ್ ಮಾಡ್ತಾಳ.' ನಾ ಬಿ.ಎ. ಓದಿ ಆಟೋಕ್ಕ ಕೈ ಮಾಡ್ಕೋತ ಬಿಸಲಾಗ ನಿಲ್ತಿದ್ದೆ. ಹೊಟ್ಟ್ಯಾಗ ಬೆಂಕಿ ಹಚ್ಚಿದಂಗ ಆಗ್ತಿತ್ತು. ಅದಕ್ಕ ತಂದೆ. ಹತ್ತಾಕ ಅಂಜಿಕಿ ಬಂತು."

ನನ್ನ ಜೀವನದಲ್ಲಿ ಇಷ್ಟು ಸಿಹಿಯಾದ ಮಾತು ಕೇಳಿರಲಿಲ್ಲ. ಇವಳು, ನನ್ನ ಮೇಲೆ, ಹೊಟ್ಟೆಕಿಚ್ಚು ಪಟ್ಟಿದ್ದಾಳೆ! ಅವಳನ್ನು ಅಪ್ಪಿಕೊಳ್ಳಬೇಕು ಅನಿಸಿತು. ಆ ಖುಷಿಯ ಅಮಲಿನಲ್ಲಿ ನನ್ನ ಬಾಯಿಂದ ಒಂದು ಮಾತು ಜಾರಿತು:

"ಬರ್ರಿ ಅಕ್ಕಾ, ನಾ ಕಲಿಸ್ತೇನಿ."

ಸಂಜೆ ಮಂದಿ ಹೋದ ಮೇಲೆ ಮನೆಯ ಹಿಂದಿನ ಬಯಲಿಗೆ ಸೈಕಲ್ ಒಯ್ದೆವು. ಸೀಟು ಖಾಲಿ. ಮಕ್ಕಳು ಬಯಲಿನ ಅಂಚಿನಲ್ಲಿ ಅತ್ತೆಯ ಹತ್ತಿರ. ನೆಗೆಣ್ಣಿ ಸೆರಗು ಸಿಗಿಸಿ ಹತ್ತಿದಳು. ನಾನು ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿದೆ. "ಬಿಡಬ್ಯಾಡಾ! ಬಿಡಬ್ಯಾಡಾ!" ಎಂದು ಕೂಗುತ್ತಿದ್ದಳು. ಎರಡು ಸಲ ನನ್ನ ಕಡೆಗೇ ವಾಲಿದಳು, ಒಂದು ಸಲ ಬೇಲಿಯ ಕಡೆಗೆ. ಖರೆ ಹೇಳುತ್ತೇನೆ, ಮೆತ್ತಗೆ ಒಂದು ಸಲ ಬಿದ್ದರೆ ನೋಡಬೇಕು ಎಂದು ನನಗೆ ಆಸೆ ಇತ್ತು. ಅದೇ ಆಸೆಯಿಂದ ಕೈ ಬಿಟ್ಟೆ.

ಬೀಳಲಿಲ್ಲ.

ನೆಟ್ಟಗೆ ಹೋದಳು. ಬಯಲಿನ ಕೊನೆಗೆ ಹೋಗಿ, ತಿರುಗಿ, ಘಂಟೆ ಹೊಡೆಯುತ್ತ ಬಂದಳು. ನೆರಿಗೆ ಸಹ ಕೆಟ್ಟಿರಲಿಲ್ಲ. ನೆಗೆಣ್ಣಿಯ ಗಂಡ, ನಮ್ಮ ಭಾವ, ಚಪ್ಪಾಳೆ ಹೊಡೆದರು. ನನ್ನ ಗಂಡನೂ ಹೊಡೆದರು. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನೋಡ್ರಿ ನಮ್ಮ ದೊಡ್ಡಾಕಿನ್ನ, ಒಂದು ಸಂಜ್ಯಾಗ ಕಲ್ತಳು. ನೀ ಎಷ್ಟು ದಿನಾ ತಗೊಂಡಿದ್ದಿ, ಸಣ್ಣಾಕಿ?"

ನಾನು ಮೂರು ತಿಂಗಳು ತೆಗೆದುಕೊಂಡಿದ್ದೆ, ಮುಂದಿನ ಒಂದು ಹಲ್ಲೂ ಅರ್ಧ ಮುರಿದಿತ್ತು. ಅವಳ ಬಳಿ ಇಲ್ಲದೆ ನನ್ನ ಬಳಿ ಇದ್ದದ್ದು ಜಗತ್ತಿನಲ್ಲಿ ಒಂದೇ ಒಂದು. ಅದನ್ನು ನನ್ನ ಕೈಯಾರೆ ಓಡಿ ಓಡಿ, ಬೆವರು ಸುರಿಸಿ ಕೊಟ್ಟು ಬಂದಿದ್ದೆ.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನ ಹೊತ್ತಾಯಿತು. ಮಗಳು ಎಲ್ಲಿ ಎಂದು ನೋಡಿದರೆ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ನೀಲಿ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿ, ಎರಡೂ ಕೈಯಿಂದ ಗಟ್ಟಿ ಹಿಡಿದು ಕೂತಿದ್ದಳು.

"ಇಳಿಯವ್ವಾ, ನಮ್ಮನ್ಯಾಗ ನಿಂದೇ ಸೀಟ್ ಅದ ಅಲ್ಲ, ಕೆಂಪು, ಮೂರು ಬೆಲ್ಟಿಂದು."

"ಅದು ಬ್ಯಾಡ! ಅದು ಸೀದಾ ಅದ! ನಂಗ ದೊಡ್ಡವ್ವಂದು ಬೇಕು, ಉಲ್ಟಾಂದು!"

ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಮತ್ತೆ ಅದೇ ರಾಗ. ಈ ಸಲ ಪಕ್ಕದಲ್ಲಿ ಮುದುಕಿ ಇರಲಿಲ್ಲ, ಕಂಡಕ್ಟರ್ ಇದ್ದ. ಟಿಕೆಟ್ ಕೊಡುವ ಮೊದಲು ಅವನು ನನ್ನ ಗಂಡನನ್ನು ಕೇಳಿದ, "ಕೂಸು ನಿಮ್ದೇ ಏನ್ರಿ?"

ಬೆಳಗಾಗುವುದನ್ನೇ ಕಾದಿದ್ದು ಚಾಚಾನ ಅಂಗಡಿಗೆ ಹೋದೆ. ಅವರು ಆಗಷ್ಟೇ ಶಟರ್ ಎತ್ತುತ್ತಿದ್ದರು.

"ಸೀಟು ಉಲ್ಟಾ ಕೂಡ್ಸಿಕೊಡ್ರಿ," ಎಂದೆ.

ಚಾಚಾ ಶಟರನ್ನು ಅರ್ಧಕ್ಕೇ ಬಿಟ್ಟರು. "ಬೇಟಿ, ಉಲ್ಟಾ ಇದ್ದದ್ದು ಸೀದಾ ಮಾಡು ಅಂತ ನೀನೇ ಬಂದಿದ್ದಿ ಅಲ್ಲ? ಯಾಕ, ಏನಾತು?"

ನಾನು ಬೆನ್ನು ನೆಟ್ಟಗೆ ಮಾಡಿದೆ.

"ನಿಮಗೆ ಗೊತ್ತಿಲ್ಲೇನ್ರಿ ಚಾಚಾ? ಹುಮನಾಬಾದಿನ್ಯಾಗ ಈಗ ಎಲ್ಲಾ ಹಿಂಗೇ ಬಂದದ."